ಒಂದು ಶಾಯಿ ಗೆರೆ, ಒಂದು ಕಪ್ಪು ಉಗುರು

2024ರ ಏಪ್ರಿಲ್ 26, ಶುಕ್ರವಾರ. ಲೋಕಸಭಾ ಚುನಾವಣೆ. ಹುಣಸೂರು ತಾಲ್ಲೂಕಿನ ಒಂದು ಹಳ್ಳಿ ಶಾಲೆಯ ಮತಗಟ್ಟೆಯಲ್ಲಿ ನನಗೆ ಡ್ಯೂಟಿ ಬಿದ್ದಿತ್ತು. ನಾನು ಮೈಸೂರಿನ ಒಂದು ಸರ್ಕಾರಿ ಶಾಲೆಯ ಟೀಚರ್. ಮತಗಟ್ಟೆಯಲ್ಲಿ ಶಾಯಿ ಹಚ್ಚುವ ಕೆಲಸ ನನ್ನದು. ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಒಂದೇ ಕೆಲಸ. ಎಡಗೈ ತೋರುಬೆರಳು ಹಿಡಿಯುವುದು, ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಒಂದು ಗೆರೆ ಎಳೆಯುವುದು.

ಒಂದೇ ದಿನದಲ್ಲಿ ಅಷ್ಟು ಉಗುರುಗಳನ್ನು ನಾನು ಯಾವತ್ತೂ ನೋಡಿರಲಿಲ್ಲ. ಹೊಲದಲ್ಲಿ ದುಡಿಯುವವರ ಉಗುರು ದಪ್ಪ, ಅಂಚು ಸವೆದು ಮೊಂಡಾಗಿರುತ್ತದೆ. ವಯಸ್ಸಾದವರ ಉಗುರಲ್ಲಿ ಬುಡದಿಂದ ತುದಿವರೆಗೆ ಉದ್ದುದ್ದ ಗೀರು, ಉತ್ತ ಸಾಲಿನ ಹಾಗೆ. ಮೊದಲ ಸಲ ಓಟು ಹಾಕಲು ಬಂದ ಹುಡುಗಿಯರ ಉಗುರು ನುಣ್ಣಗೆ, ಮೇಲೆ ಬಣ್ಣ. ಒಬ್ಬ ಹೆಂಗಸಿನ ಉಗುರು ಚಮಚದ ಹಾಗೆ ಒಳಗೆ ಬಾಗಿತ್ತು. ಒಂದು ಹನಿ ನೀರು ಬಿಟ್ಟರೆ ನಿಲ್ಲುವಷ್ಟು ಗುಳಿ. ರಕ್ತದಲ್ಲಿ ಕಬ್ಬಿಣದ ಅಂಶ ತುಂಬಾ ಕಡಿಮೆಯಾದಾಗ ಉಗುರು ಹಾಗಾಗಬಹುದು ಎಂದು ಆಮೇಲೆ ತಿಳಿಯಿತು. ಅವತ್ತೇ ಗೊತ್ತಿದ್ದರೆ ಆಕೆಗೆ ಒಂದು ಮಾತು ಹೇಳಬಹುದಿತ್ತು ಎಂದು ಈಗಲೂ ಅನಿಸುತ್ತದೆ. ಇನ್ನೊಬ್ಬ ತಾತನಿಗೆ ಎಡಗೈ ತೋರುಬೆರಳೇ ಇರಲಿಲ್ಲ. ಹಾಗಿದ್ದರೆ ಅದೇ ಕೈಯ ಬೇರೆ ಬೆರಳಿಗೆ ಹಚ್ಚಬೇಕು, ನಿಯಮ ಹಾಗಿದೆ. ಪಕ್ಕದ ಬೆರಳು ಚಾಚಿದರು. ಹಚ್ಚಿದೆ.

ಈ ಶಾಯಿ ನಮ್ಮ ಊರಿನದೇ. ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1937ರಲ್ಲಿ ಶುರುವಾದ ಕಾರ್ಖಾನೆ ಅದು. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಶಾಯಿ ಅಲ್ಲಿಂದಲೇ ಹೋಗುತ್ತದೆ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಹಚ್ಚಿದಾಗ ನೇರಳೆ ಬಣ್ಣ, ಬೆಳಕು ತಾಗುತ್ತಾ ಕಪ್ಪಾಗುತ್ತದೆ. ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ.

ನನಗೆ ಇಡಿಸಿ ಇತ್ತು, ಅಂದರೆ ಡ್ಯೂಟಿ ಇರುವ ಮತಗಟ್ಟೆಯಲ್ಲೇ ಓಟು ಹಾಕುವ ಚೀಟಿ. ನಾನೂ ಅಲ್ಲೇ ಓಟು ಹಾಕಿದೆ. ನನ್ನ ಉಗುರಿಗೂ ಒಂದು ಗೆರೆ ಬಿತ್ತು. ಉಗುರಿನ ಮೇಲೂ, ಬುಡದ ಚರ್ಮದ ಮೇಲೂ ಚೆನ್ನಾಗಿಯೇ ಹತ್ತಿತು.

ಎರಡು ದಿನ ಬಿಟ್ಟು ಭಾನುವಾರ. ಗ್ಯಾಸ್ ಸಿಲಿಂಡರ್ ಬಾಗಿಲ ಹತ್ತಿರ ಇತ್ತು. ತುಂಬಿದ ಸಿಲಿಂಡರ್ ಸುಮಾರು ಮೂವತ್ತು ಕೆಜಿ ತೂಗುತ್ತದೆ. ಅದನ್ನು ಓರೆ ಮಾಡಿ ಉರುಳಿಸಿಕೊಂಡು ಅಡುಗೆ ಮನೆಗೆ ತರುವುದು ನನಗೆ ಅಭ್ಯಾಸ. ಹೊಸ್ತಿಲು ದಾಟಿಸುವಾಗ ಕೈ ಜಾರಿತು. ಸಿಲಿಂಡರಿನ ಬುಡದ ಬಳೆ ನೇರ ನನ್ನ ಬಲಗಾಲಿನ ಹೆಬ್ಬೆರಳಿನ ಮೇಲೆ ಕೂತಿತು.

ಮೊದಲ ಒಂದೆರಡು ಕ್ಷಣ ಏನೂ ಗೊತ್ತಾಗಲಿಲ್ಲ. ಆಮೇಲೆ ಬಂದ ನೋವನ್ನು ಹೇಗೆ ಹೇಳಲಿ! ಚರ್ಮ ಹರಿದಿರಲಿಲ್ಲ, ಒಂದು ಹನಿ ರಕ್ತ ಹೊರಗೆ ಬಂದಿರಲಿಲ್ಲ. ಆದರೆ ಉಗುರಿನ ಕೆಳಗೆ ಕೆಂಪು ಹರಡಿತು. ನೋಡುನೋಡುತ್ತಿದ್ದಂತೆ ನೇರಳೆ ಆಯಿತು, ಸಂಜೆಗೆ ಕಪ್ಪು. ಎದೆ ಬಡಿತದ ಲೆಕ್ಕಕ್ಕೆ ಸರಿಯಾಗಿ ಬೆರಳು ಬಡಿಯುತ್ತಿತ್ತು. ಅಮ್ಮ ಐಸ್ ಇಟ್ಟರು. ಕಾಲಿನ ಕೆಳಗೆ ಎರಡು ದಿಂಬು ಇಟ್ಟರು. ರಾತ್ರಿ ಹೊದಿಕೆಯ ಅಂಚು ತಾಗಿದರೂ ಜೀವ ಹೋಗುತ್ತಿತ್ತು. ನಿದ್ದೆ ಬರಲಿಲ್ಲ.

ಬೆಳಿಗ್ಗೆ ಡಾಕ್ಟರ್ ಹತ್ತಿರ ಹೋದೆ. ಅವರು ಮೊದಲು ಕಾಲುಂಗುರ ತೆಗೆಸಿದರು. ಊತ ಪಕ್ಕದ ಬೆರಳಿಗೂ ಇಳಿದಿತ್ತು, ಇನ್ನೂ ತಡ ಮಾಡಿದ್ದರೆ ಕತ್ತರಿಸಿಯೇ ತೆಗೆಯಬೇಕಾಗಿತ್ತು. ಆಮೇಲೆ ಎಕ್ಸ್‌ರೇ. ಮೂಳೆ ಮುರಿದಿರಲಿಲ್ಲ.

"ಮೇಡಂ, ನಿಮ್ಮ ನೋವಿಗೆ ಕಾರಣ ಒಳಗೆ ಸಿಕ್ಕಿಹಾಕಿಕೊಂಡಿರೋ ರಕ್ತ. ಮೇಲೆ ಉಗುರು, ಕೆಳಗೆ ಮೂಳೆ. ಅದಕ್ಕೆ ಹೋಗೋಕೆ ಜಾಗ ಇಲ್ಲ. ಒಂದು ದಾರಿ ಮಾಡಿಕೊಡೋಣ" ಎಂದರು.

ಅವರು ದಪ್ಪ ಸೂಜಿ ತೆಗೆದರು. ಉಗುರಿನಲ್ಲಿ ತೂತು ಮಾಡುತ್ತಾರೆ ಎಂದಾಗ ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದೆ. ಅರಿವಳಿಕೆ ಏನೂ ಇಲ್ಲ. ಸೂಜಿಯನ್ನು ಉಗುರಿನ ಮೇಲೆ ನೆಟ್ಟಗೆ ನಿಲ್ಲಿಸಿ, ಎರಡು ಬೆರಳಲ್ಲಿ ನಿಧಾನಕ್ಕೆ ತಿರುಗಿಸುತ್ತಾ ಹೋದರು. ಬಡಗಿ ಬೈರಿಗೆ ತಿರುಗಿಸಿದ ಹಾಗೆ. ಸಣ್ಣ ಪುಡಿ ಉದುರಿತು. ನೋವು? ಇಲ್ಲವೇ ಇಲ್ಲ. ಒಂದು ಕ್ಷಣದಲ್ಲಿ ತೂತಿನಿಂದ ಕಪ್ಪು ರಕ್ತ ಚಿಮ್ಮಿತು. ಅದರ ಜೊತೆಗೇ ಆ ಬಡಿತ ನಿಂತಿತು. ಇಡೀ ರಾತ್ರಿ ಬಿಡದ ನೋವು ಹೀಗೆ ಹೋಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಕಣ್ಣಲ್ಲಿ ನೀರು ಬಂತು.

"ಉಗುರಿಗೆ ನರ ಇಲ್ಲ. ಅದು ಸತ್ತ ಜೀವಕೋಶಗಳ ಪದರ. ನರ, ರಕ್ತ ಎಲ್ಲ ಇರೋದು ಕೆಳಗಿನ ಹಾಸಿನಲ್ಲಿ" ಎಂದರು ಡಾಕ್ಟರ್. ಈ ಕೆಲಸ ಪೆಟ್ಟು ಬಿದ್ದ ಒಂದೆರಡು ದಿನದೊಳಗೆ ಮಾಡಿದರೆ ಮಾತ್ರ ಉಪಯೋಗ. ಆಮೇಲೆ ರಕ್ತ ಹೆಪ್ಪುಗಟ್ಟಿರುತ್ತದೆ. ಮನೆಯಲ್ಲಿ ಪಿನ್ನು ಕಾಯಿಸಿ ಮಾಡಿಕೊಳ್ಳುವವರೂ ಇದ್ದಾರಂತೆ. ಅದು ಬೇಡವೇ ಬೇಡ ಎಂದರು, ಕೀವಾದರೆ ಮೂಳೆಯವರೆಗೂ ಹೋಗಬಹುದು. ಟಿಟಿ ಇಂಜೆಕ್ಷನ್ ಕೊಟ್ಟು, ಡ್ರೆಸ್ಸಿಂಗ್ ಮಾಡಿ ಕಳಿಸುವಾಗ ಒಂದು ಮಾತು ಸೇರಿಸಿದರು. "ಈ ಉಗುರು ಉದುರುತ್ತೆ. ಹೊಸದು ಪೂರ್ತಿ ಬರೋಕೆ ಒಂದು ವರ್ಷ ಬೇಕು, ಜಾಸ್ತಿಯೂ ಆಗಬಹುದು. ಕಾಯಬೇಕು."

ಒಂದು ವರ್ಷ! ಕೈ ಉಗುರನ್ನು ವಾರ ವಾರ ಕತ್ತರಿಸುತ್ತೇವೆ, ಅಲ್ವಾ? ಕಾಲಿನದಕ್ಕೆ ಯಾಕೆ ಇಷ್ಟು ಕಾಲ?

ಉತ್ತರ ನನ್ನ ಎಡಗೈಯಲ್ಲೇ ಇತ್ತು. ಬೇಸಿಗೆ ರಜೆ, ಓಡಾಟ ಇಲ್ಲ. ಕಾಲು ಚಾಚಿಕೊಂಡು ಕೂತವಳಿಗೆ ತೋರುಬೆರಳಿನ ಶಾಯಿ ಕಣ್ಣಿಗೆ ಬೀಳುತ್ತಲೇ ಇತ್ತು. ಎರಡು ವಾರ ಕಳೆಯುವಷ್ಟರಲ್ಲಿ ಚರ್ಮದ ಮೇಲಿನ ಕಪ್ಪು ಮಾಸುತ್ತಾ ಬಂತು, ಮೂರನೆಯ ವಾರಕ್ಕೆ ಹೋಗೇ ಹೋಯಿತು. ಚರ್ಮದ ಮೇಲ್ಪದರ ದಿನಾ ಉದುರಿ ಹೊಸದಾಗುತ್ತದೆ, ಬಣ್ಣವೂ ಅದರ ಜೊತೆ ಹೋಗುತ್ತದೆ. ಉಗುರಿನ ಮೇಲಿನ ಗೆರೆ ಮಾತ್ರ ಹಾಗೇ ಇತ್ತು. ಆದರೆ ಬುಡದಲ್ಲಿ ಒಂದು ಬಿಳಿ ಸಂದು ಕಾಣಿಸಿತು. ಶಾಯಿ ಹಚ್ಚಿದ ದಿನ ಇರದಿದ್ದ ಉಗುರು ಅದು.

ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲ್ ತೆಗೆದುಕೊಂಡು ಅಳೆದೆ. ಮೇ 26ಕ್ಕೆ ಸಂದು 3 ಮಿಲಿಮೀಟರ್. ಜೂನ್ 26ಕ್ಕೆ 6. ಅಂದರೆ ತಿಂಗಳಿಗೆ 3 ಮಿಲಿಮೀಟರ್, ದಿನಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಕಾಲಿನ ಉಗುರು ಇದರ ಅರ್ಧ ವೇಗದಲ್ಲಿ ಬೆಳೆಯುತ್ತದೆ, ಕಾಲಿನ ಹೆಬ್ಬೆರಳ ಉಗುರೋ ಉದ್ದ ಜಾಸ್ತಿ. ಡಾಕ್ಟರ್ ಹೇಳಿದ ಒಂದು ವರ್ಷದ ಲೆಕ್ಕ ಅಲ್ಲಿಗೆ ಕೂಡಿತು.

ಅವತ್ತಿನಿಂದ ಪ್ರತಿ ತಿಂಗಳ 26ಕ್ಕೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಇದು ಹುಚ್ಚು ಎನಿಸಬಹುದು. ಆದರೆ ಅಮೆರಿಕದಲ್ಲಿ ವಿಲಿಯಂ ಬೀನ್ ಎಂಬ ವೈದ್ಯರಿದ್ದರು. ತಮ್ಮ ಎಡಗೈ ಹೆಬ್ಬೆರಳ ಉಗುರಿನ ಬೆಳವಣಿಗೆಯನ್ನು 35 ವರ್ಷ ಬಿಡದೆ ಅಳೆದರು. 32ನೇ ವಯಸ್ಸಿನಲ್ಲಿ ದಿನಕ್ಕೆ 0.123 ಮಿಲಿಮೀಟರ್ ಬೆಳೆಯುತ್ತಿದ್ದ ಉಗುರು 67ರ ಹೊತ್ತಿಗೆ 0.095ಕ್ಕೆ ಇಳಿದಿತ್ತು. ಇದನ್ನು ಓದಿದಾಗ ಅವರ ಮೇಲೆ ತುಂಬಾ ಪ್ರೀತಿ ಬಂತು. ಎಲ್ಲರ ಕೈಯಲ್ಲೂ ಇರುವ ಒಂದು ವಸ್ತುವನ್ನು ಒಬ್ಬರು ಅಷ್ಟು ವರ್ಷ ನಿಗಾ ಇಟ್ಟು ನೋಡಿದ್ದಾರೆ.

ಇತ್ತ ಕಾಲಿನ ಕಪ್ಪು ಉಗುರು ಜೂನ್ ಮಧ್ಯದಲ್ಲಿ ಬುಡದಿಂದ ಎದ್ದಿತು. ಕಾಲುಚೀಲಕ್ಕೆ, ಸೀರೆ ಅಂಚಿಗೆ ಸಿಕ್ಕಿಕೊಳ್ಳುತ್ತಿತ್ತು. ಕಿತ್ತು ಎಸೆಯೋಣ ಎನಿಸಿತು. ಅಮ್ಮ ಬಿಡಲಿಲ್ಲ.

"ಕೀಳ್ಬೇಡ ಕಣೇ. ಒಳಗಿಂದ ಹೊಸದು ಬಂದು ಅದೇ ತಳ್ತದೆ. ತಾನಾಗಿ ಬಿದ್ರೆ ಗಾಯ ಆಗಲ್ಲ."

ಅಮ್ಮನ ಮಾತು ನೂರಕ್ಕೆ ನೂರು ಸರಿ ಇತ್ತು. ಡಾಕ್ಟರೂ ಅದನ್ನೇ ಹೇಳಿದರು. ಹಳೆ ಉಗುರು ಇರುವಷ್ಟು ದಿನ ಕೆಳಗಿನ ಹಸಿ ಜಾಗಕ್ಕೆ ಅದೇ ಮುಚ್ಚಳ. ಎದ್ದ ಅಂಚನ್ನು ಕತ್ತರಿಸಿ, ಮೇಲೆ ಟೇಪ್ ಸುತ್ತಿಕೊಳ್ಳಲು ಹೇಳಿದರು. ಜುಲೈ ಮೊದಲ ವಾರ, ಸ್ನಾನ ಮಾಡಿ ಕಾಲು ಒರೆಸುವಾಗ ಉಗುರು ಟವೆಲಿನಲ್ಲಿ ಬಂತು.

ಅದನ್ನು ಬಿಸಾಡುವ ಮೊದಲು ಬೆಳಕಿಗೆ ಹಿಡಿದು ನೋಡಿದೆ. ಮಧ್ಯದಲ್ಲಿ ಸೂಜಿಯ ತೂತು ಹಾಗೇ ಇತ್ತು. ಮೇಲೆ ನುಣುಪು. ಕೆಳಗೆ ಮಾತ್ರ ಉದ್ದಕ್ಕೆ ಸಣ್ಣ ಸಣ್ಣ ಸಾಲು. ಬೆರಳಿನ ಮೇಲೆ ಬಿಟ್ಟುಹೋದ ಗುಲಾಬಿ ಹಾಸಿನಲ್ಲೂ ಅಂಥದೇ ಸಾಲು. ಆ ಸಾಲುಗಳು ಒಂದರೊಳಗೊಂದು ಕೂತು ಉಗುರನ್ನು ಹಿಡಿದಿಟ್ಟಿರುತ್ತವೆ. ಆ ಹಿಡಿತ ಎಷ್ಟು ಗಟ್ಟಿ ಎಂದರೆ, ಉಗುರು ಮುಂದೆ ಸರಿಯುತ್ತಲೇ ಇರುತ್ತದೆ, ಆದರೂ ಕಳಚುವುದಿಲ್ಲ.

ಉಗುರು ಹುಟ್ಟುವುದು ನಮಗೆ ಕಾಣುವ ಜಾಗದಲ್ಲಿ ಅಲ್ಲ. ಬುಡದಲ್ಲಿ ಚರ್ಮದ ಒಂದು ಮಡಿಕೆ ಇದೆ. ಅದರ ಒಳಗೆ, ಕೆಲವು ಮಿಲಿಮೀಟರ್ ಹಿಂದೆ, ಮ್ಯಾಟ್ರಿಕ್ಸ್ ಎಂಬ ಜಾಗ. ಅಲ್ಲಿ ಜೀವಕೋಶಗಳು ಹುಟ್ಟುತ್ತಲೇ ಇರುತ್ತವೆ. ಹೊಸವು ಹಳೆಯವನ್ನು ಮುಂದಕ್ಕೆ ತಳ್ಳುತ್ತವೆ. ತಳ್ಳಿಸಿಕೊಂಡವು ಚಪ್ಪಟೆಯಾಗಿ, ಕೆರಾಟಿನ್ ತುಂಬಿಕೊಂಡು, ಗಟ್ಟಿಯಾಗಿ ಸಾಯುತ್ತವೆ. ಹಸುವಿನ ಕೊಂಬಿನ ಹೊರಕವಚ, ಗೊರಸು, ನಮ್ಮ ಕೂದಲು, ಎಲ್ಲವೂ ಇದೇ ಕೆರಾಟಿನ್. ಕೈ ಹೆಬ್ಬೆರಳಿನ ಬುಡದಲ್ಲಿ ಬಿಳಿ ಅರ್ಧಚಂದ್ರ ಕಾಣುತ್ತದಲ್ಲ, ಅದು ಈ ಮ್ಯಾಟ್ರಿಕ್ಸಿನ ಮುಂದಿನ ಅಂಚು. ಅಷ್ಟು ಭಾಗ ಮಾತ್ರ ಹೊರಗೆ ಇಣುಕುತ್ತದೆ. ಕಿರುಬೆರಳಿನಲ್ಲಿ ಬಹಳ ಸಲ ಅದೂ ಮಡಿಕೆಯ ಕೆಳಗೇ ಅಡಗಿರುತ್ತದೆ. ನನ್ನ ಅದೃಷ್ಟ, ಸಿಲಿಂಡರ್ ಬಿದ್ದದ್ದು ಉಗುರಿನ ಮುಂಭಾಗಕ್ಕೆ. ಮ್ಯಾಟ್ರಿಕ್ಸ್ ಜಜ್ಜಿಹೋಗಿದ್ದರೆ ಬರುವ ಉಗುರು ಸೀಳಾಗಿಯೋ ವಕ್ರವಾಗಿಯೋ ಬರುತ್ತಿತ್ತು, ಜೀವನಪೂರ್ತಿ.

ಆ ಮಡಿಕೆಯ ಬಾಯಿ ಮುಚ್ಚುವ ತೆಳು ಪೊರೆಯೇ ಕ್ಯುಟಿಕಲ್. ನಾನು ಎಷ್ಟೋ ವರ್ಷ ಅದನ್ನು ಕೊಳೆ ಎಂದುಕೊಂಡು ಹಿಂದಕ್ಕೆ ತಳ್ಳಿ ಕತ್ತರಿಸುತ್ತಿದ್ದೆ. ಅದು ಕೊಳೆ ಅಲ್ಲ. ನೀರು, ಕೀಟಾಣು ಒಳಗೆ ಹೋಗದಂತೆ ಬಾಗಿಲು ಹಾಕಿರುವುದು ಅದು. ಪಾತ್ರೆ ತೊಳೆಯುವವರಿಗೆ, ಬಟ್ಟೆ ಒಗೆಯುವವರಿಗೆ ಉಗುರುಸುತ್ತು ಜಾಸ್ತಿ ಬರುವುದು ಇದಕ್ಕೇ. ಸದಾ ಒದ್ದೆಯಲ್ಲಿದ್ದು ಆ ಬಾಗಿಲು ಸಡಿಲವಾಗಿರುತ್ತದೆ. ದಯವಿಟ್ಟು ಅದನ್ನು ಕತ್ತರಿಸಬೇಡಿ.

ಉಗುರು ಇಲ್ಲದ ಬೆರಳು ಹೇಗಿರುತ್ತದೆ ಎಂದು ಆ ತಿಂಗಳುಗಳಲ್ಲಿ ಗೊತ್ತಾಯಿತು. ಬರಿಗಾಲಲ್ಲಿ ನೆಲಕ್ಕೆ ಹೆಬ್ಬೆರಳು ಒತ್ತಿದರೆ ತುದಿಯ ಮಾಂಸ ಮೇಲಕ್ಕೆ ಉಬ್ಬುತ್ತಿತ್ತು. ಒತ್ತಿದ್ದು ಎಲ್ಲಿಗೋ ಹೋದ ಹಾಗೆ, ನೆಲ ಸರಿಯಾಗಿ ಸಿಗದ ಹಾಗೆ ಅನಿಸುತ್ತಿತ್ತು. ಉಗುರು ಬರೀ ಮುಚ್ಚಳ ಅಲ್ಲ. ಬೆರಳ ತುದಿಗೆ ಅದು ಹಿಂದಿನಿಂದ ಕೊಟ್ಟ ಆಸರೆ. ಕೈಬೆರಳಲ್ಲಿ ನಾವು ಏನನ್ನಾದರೂ ಮುಟ್ಟಿದಾಗ ತುದಿಯ ಮಾಂಸ ಆ ವಸ್ತು ಮತ್ತು ಉಗುರಿನ ನಡುವೆ ಒತ್ತಲ್ಪಡುತ್ತದೆ. ಹಾಗಾಗಿ ಸ್ಪರ್ಶ ಚುರುಕಾಗುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸುವುದು, ಮಲ್ಲಿಗೆ ಕಟ್ಟುವುದು, ಮಗುವಿನ ಕಾಲಿಗೆ ನೆಟ್ಟ ಮುಳ್ಳು ಕೀಳುವುದು, ಯಾವುದೂ ಉಗುರಿಲ್ಲದೆ ಇಷ್ಟು ಸಲೀಸಲ್ಲ.

ಜುಲೈನಲ್ಲಿ ಇನ್ನೊಂದು ಬಂತು, ಡೆಂಗಿ. ಆ ವರ್ಷ ರಾಜ್ಯದಲ್ಲಿ ಅದು ಎಷ್ಟು ಹಬ್ಬಿತ್ತು ಎಂದರೆ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದೇ ಘೋಷಿಸಿತು. ನಾನು ಆರು ದಿನ ಆಸ್ಪತ್ರೆಯಲ್ಲಿದ್ದೆ. ಅಲ್ಲೂ ಉಗುರೇ. ಡಾಕ್ಟರ್ ಬಂದಾಗಲೆಲ್ಲ ನನ್ನ ಕೈ ಎತ್ತಿ ಹಿಡಿದು, ಒಂದು ಉಗುರನ್ನು ಬೆಳ್ಳಗಾಗುವಂತೆ ಒತ್ತಿ ಬಿಡುತ್ತಿದ್ದರು. ಎರಡು ಸೆಕೆಂಡಿನೊಳಗೆ ಕೆಂಪು ಮರಳಿದರೆ ರಕ್ತ ಸಂಚಾರ ಸರಿ ಇದೆ ಎಂದು ಲೆಕ್ಕ. ಆಮ್ಲಜನಕ ನೋಡುವ ಕ್ಲಿಪ್ ಕೂಡ ಬೆರಳಿಗೇ. ಅದರ ಬೆಳಕು ಉಗುರಿನ ಮೂಲಕ ಹಾದು ಹೋಗಬೇಕು. ನರ್ಸ್ ನನ್ನ ತೋರುಬೆರಳಿನ ಅರ್ಧ ಕಪ್ಪು ನೋಡಿ, "ಇದು ಬೇಡ ಅಕ್ಕ, ಪಕ್ಕದ್ದು ಕೊಡಿ" ಎಂದು ನಡುಬೆರಳಿಗೆ ಹಾಕಿದರು. ಉಗುರಿಗೆ ಗಾಢ ಬಣ್ಣ ಹಚ್ಚಿಕೊಂಡು ಬಂದವರಿಗೆ ಅದನ್ನು ಅಳಿಸಲು ಹೇಳುವುದೂ ಇದೇ ಕಾರಣಕ್ಕೆ.

ಆಗಸ್ಟ್ 26ಕ್ಕೆ ಶಾಯಿ 11 ಮಿಲಿಮೀಟರ್ ದಾಟಿ ತುದಿ ಮುಟ್ಟಿತ್ತು. ಸೆಪ್ಟೆಂಬರ್ 1, ಭಾನುವಾರ, ಕೊನೆಯ ಕಪ್ಪು ಚೂರನ್ನು ಕತ್ತರಿಸಿದೆ. ನಾಲ್ಕು ತಿಂಗಳ ಮೇಲೆ ಕೆಲವು ದಿನ.

ಸೆಪ್ಟೆಂಬರ್ ಕೊನೆಗೆ ನನ್ನ ನೋಟ್‌ಬುಕ್ಕಿಗೆ ಹೊಸದೊಂದು ಸೇರಿತು. ಎರಡೂ ಕೈ ಹೆಬ್ಬೆರಳಿನ ಉಗುರಲ್ಲಿ ಒಂದು ಅಡ್ಡ ಗುಳಿ. ಬೆರಳಾಡಿಸಿದರೆ ತಡೆಯುತ್ತಿತ್ತು. ಎರಡೂ ಕಡೆ ಬುಡದಿಂದ ಅಷ್ಟೇ ದೂರ, ಮೂರೂವರೆ ಮಿಲಿಮೀಟರ್. ಇದಕ್ಕೆ ಬೋ ಗೆರೆ ಎನ್ನುತ್ತಾರೆ. ಫ್ರಾನ್ಸಿನ ಬೋ ಎಂಬ ವೈದ್ಯ 1846ರಲ್ಲಿ ಇದನ್ನು ವಿವರಿಸಿದರು. ಜೋರು ಜ್ವರ ಬಂದಾಗ ದೇಹ ಉಗುರು ಕಟ್ಟುವ ಕೆಲಸವನ್ನು ಕೆಲವು ದಿನ ನಿಧಾನ ಮಾಡುತ್ತದೆ. ಆ ದಿನಗಳಲ್ಲಿ ಹುಟ್ಟಿದ ಉಗುರು ತೆಳು. ಅದೇ ಗುಳಿಯಾಗಿ ಮುಂದೆ ಬರುತ್ತದೆ. ಒಂದೇ ಬೆರಳಲ್ಲಿದ್ದರೆ ಅಲ್ಲಿ ಮಾತ್ರ ಪೆಟ್ಟು ಬಿದ್ದಿರಬಹುದು. ಹಲವು ಬೆರಳಲ್ಲಿ ಒಂದೇ ಮಟ್ಟಕ್ಕೆ ಇದ್ದರೆ ಇಡೀ ಮೈಗೆ ಏನೋ ಆಗಿತ್ತು ಎಂದು ಅರ್ಥ.

ಲೆಕ್ಕ ಹಾಕಿದೆ. ಮೂರೂವರೆ ಮಿಲಿಮೀಟರ್ ಬರಲು ಐದು ವಾರ. ಮಡಿಕೆಯ ಒಳಗೆ ಕಾಣದೆ ಸಾಗಿದ್ದಕ್ಕೆ ಇನ್ನೈದು ವಾರ. ಹತ್ತು ವಾರ ಹಿಂದಕ್ಕೆ ಹೋದರೆ ಜುಲೈ ಮಧ್ಯ, ನನ್ನ ಜ್ವರದ ದಿನಗಳು. ಆ ಹೊತ್ತು ನೋಟ್‌ಬುಕ್ ಹಿಡಿದು ಸುಮ್ನೆ ಕೂತುಬಿಟ್ಟೆ. ಆಸ್ಪತ್ರೆಯ ಚೀಟಿ ಕಳೆದುಹೋಗಿತ್ತು. ಉಗುರಲ್ಲಿ ತಾರೀಖು ಇತ್ತು.

ಶಾಲೆಯಲ್ಲಿ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳ ಉಗುರು ನೋಡುವುದು ಎಷ್ಟೋ ವರ್ಷದ ರೂಢಿ. ಕೊಳೆ ಇದೆಯೋ ಇಲ್ಲವೋ ಅಷ್ಟೇ ನೋಡುತ್ತಿದ್ದೆ. ಈಗ ಹೆಚ್ಚು ಹೊತ್ತು ನಿಲ್ಲುತ್ತೇನೆ. ಉಗುರು ಬಿಳಚಿಕೊಂಡಿದ್ದರೆ ಮಗುವಿನ ಕಣ್ಣಿನ ಕೆಳರೆಪ್ಪೆಯನ್ನೂ ನೋಡುತ್ತೇನೆ, ರಕ್ತ ಪರೀಕ್ಷೆ ಮಾಡಿಸಲು ಅವರಮ್ಮನಿಗೆ ಹೇಳುತ್ತೇನೆ. ನಾಲ್ಕನೇ ತರಗತಿಯ ಒಬ್ಬ ಹುಡುಗ ತನ್ನ ಬಿಳಿ ಚುಕ್ಕೆ ತೋರಿಸಿ, "ಮಿಸ್, ಇದು ಕ್ಯಾಲ್ಸಿಯಂ ಕಮ್ಮಿ ಇದ್ರೆ ಬರುತ್ತಂತೆ" ಎಂದ. ನಮ್ಮ ಬಾಲ್ಯದಲ್ಲಿ ಬೆಳ್ಳಕ್ಕಿ ಸಾಲು ಹಾರಿಹೋದರೆ ಉಗುರು ಉಜ್ಜಿಕೊಂಡು ಬಿಳಿ ಚುಕ್ಕೆ ಬೇಡುತ್ತಿದ್ದೆವು. ಚುಕ್ಕೆ ಬಂದರೆ ಬೆಳ್ಳಕ್ಕಿ ಕೊಟ್ಟಿತು ಎಂದು ನಂಬಿಕೆ. ಅವನಿಗೆ ನಿಜ ಹೇಳಿದೆ. ಉಗುರಿನ ಗಟ್ಟಿತನ ಕೆರಾಟಿನ್‌ನಿಂದ, ಅದರಲ್ಲಿ ಕ್ಯಾಲ್ಸಿಯಂ ಇರುವುದೇ ತೀರಾ ಸ್ವಲ್ಪ. ಚುಕ್ಕೆ ಬರುವುದು ಕೆಲವು ವಾರಗಳ ಹಿಂದೆ ಬುಡಕ್ಕೆ ತಾಗಿದ ಸಣ್ಣ ಪೆಟ್ಟಿನಿಂದ. ಅವನು ಸ್ವಲ್ಪ ಯೋಚಿಸಿ, "ಹಾಗಾದ್ರೆ ಡೆಸ್ಕಿನ ಮುಚ್ಚಳ ಬಿದ್ದಿದ್ದು" ಎಂದ.

ಕಾಲಿನದು ಅದರ ಪಾಡಿಗೆ ಬರುತ್ತಿತ್ತು. ಸೆಪ್ಟೆಂಬರಿಗೆ 5 ಮಿಲಿಮೀಟರ್, ಡಿಸೆಂಬರಿಗೆ ಹತ್ತರ ಹತ್ತಿರ. ಅಷ್ಟರಲ್ಲಿ ಒಂದು ತೊಂದರೆ ಎದುರಾಯಿತು. ತಿಂಗಳುಗಟ್ಟಲೆ ಮೇಲೆ ಒತ್ತುವ ಉಗುರು ಇಲ್ಲದೆ ಬೆರಳ ತುದಿ ದಿಬ್ಬದ ಹಾಗೆ ಎದ್ದಿತ್ತು. ಹೊಸ ಉಗುರು ಅದಕ್ಕೆ ಗುದ್ದಿಕೊಳ್ಳುವಂತಿತ್ತು. ಹಾಗೇ ಬಿಟ್ಟರೆ ಮಾಂಸದೊಳಗೆ ಹೊಕ್ಕು ಕೀವಾಗುತ್ತದೆ ಎಂದರು ಡಾಕ್ಟರ್. ದಿನಾ ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಕಾಲಿಟ್ಟು, ತುದಿಯ ಮಾಂಸವನ್ನು ಹೆಬ್ಬೆರಳಿನಿಂದ ಕೆಳಕ್ಕೆ ಸವರಿ, ಟೇಪ್ ಹಾಕಿ ಎಳೆದು ಕಟ್ಟಬೇಕು. ಎರಡೂವರೆ ತಿಂಗಳು ತಪ್ಪದೆ ಮಾಡಿದೆ. ಬೇಸರ ಬಂದ ರಾತ್ರಿ ಅಮ್ಮನೇ ಬಿಸಿನೀರು ತಂದು ಇಡುತ್ತಿದ್ದರು. ಉಗುರು ಕೊನೆಗೆ ದಿಬ್ಬದ ಮೇಲೆ ಹತ್ತಿತು. ಹತ್ತಿದ ಮೇಲೆ ತಾನೇ ಅದನ್ನು ಅದುಮಿ ಕೂರಿಸಿತು.

2025ರ ಮೇ 25, ಮತ್ತೆ ಭಾನುವಾರ, ಮತ್ತೆ ಬೇಸಿಗೆ ರಜೆ. ಸ್ಕೇಲ್ ಇಟ್ಟು ನೋಡಿದೆ, 17 ಮಿಲಿಮೀಟರ್. ಉಗುರು ಬೆರಳ ತುದಿಯನ್ನು ಕೂದಲೆಳೆಯಷ್ಟು ದಾಟಿತ್ತು. ಎಡಗಾಲಿನದಕ್ಕಿಂತ ಸ್ವಲ್ಪ ದಪ್ಪ, ನಡುವೆ ಒಂದು ಸಣ್ಣ ಏರು. ಸ್ನಾನ ಆಗಿತ್ತು, ಉಗುರು ನೀರು ಕುಡಿದು ಮೆತ್ತಗಿತ್ತು. ನೇಲ್ ಕಟರ್ ತೆಗೆದುಕೊಂಡು ಮೂಲೆಗಳನ್ನು ದುಂಡಗೆ ಮಾಡದೆ, ಡಾಕ್ಟರ್ ಹೇಳಿದ್ದಂತೆ ನೇರಕ್ಕೆ ಕತ್ತರಿಸಿದೆ. ಅಮ್ಮ ಬಂದು ಬಗ್ಗಿ ನೋಡಿದರು. ಒಳಗೆ ಹೋಗಿ, ಡಬ್ಬಿಯಲ್ಲಿ ಎತ್ತಿಟ್ಟಿದ್ದ ಕಾಲುಂಗುರ ತಂದು ನನ್ನ ಕೈಗೆ ಕೊಟ್ಟರು.